ಶನಿವಾರದ ಮಧ್ಯಾಹ್ನಗಳನ್ನು ನಮ್ಮ ಮಕ್ಕಳಿಗೆ ಕೊಡಿ

ರಾಜ್ಯದ ವಿಶ್ವವಿದ್ಯಾಲಯಗಳ ವಿಜ್ಞಾನ ವಿಭಾಗಗಳ ಅಧ್ಯಾಪಕರಿಗೆ ಮತ್ತು ಸಂಶೋಧನಾ ವಿದ್ಯಾರ್ಥಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ನಾನು ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ. ಶಂಕರಘಟ್ಟ, ಕೊಣಾಜೆ, ಮಾನಸಗಂಗೋತ್ರಿ, ಜ್ಞಾನಭಾರತಿ, ಧಾರವಾಡ, ಕಲಬುರಗಿ, ತುಮಕೂರು, ನೀವು ಯಾವ ವಿಶ್ವವಿದ್ಯಾಲಯದ ಆವರಣದಲ್ಲೇ ಇದ್ದರೂ ನಿಮ್ಮೆಲ್ಲರಲ್ಲಿ ಒಂದೇ ಬೇಡಿಕೆ ಇಡಲು ಈ ಪತ್ರ ಬರೆಯುತ್ತಿದ್ದೇನೆ. ವರ್ಷದಲ್ಲಿ ಆರೆಂಟು ಶನಿವಾರ ಮಧ್ಯಾಹ್ನ ನಿಮ್ಮ ವಿಭಾಗದ ಬಾಗಿಲನ್ನು ಸುತ್ತಲಿನ ಶಾಲೆಗಳ ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ತೆರೆಯಿರಿ. ನೀವು ಈಗ ಯಾವ ಪ್ರಶ್ನೆಯ ಬೆನ್ನು ಹತ್ತಿದ್ದೀರೋ ಅದನ್ನು ಅವರಿಗೆ ಕನ್ನಡದಲ್ಲಿ ಹೇಳಿ. ಉತ್ತರ ಹೇಗೆ ಸಿಕ್ಕಿತು ಎಂದು ಹೇಳಿ. ಇನ್ನೂ ಸಿಕ್ಕಿಲ್ಲವಾದರೆ ಯಾಕೆ ಸಿಕ್ಕಿಲ್ಲ ಎಂಬುದನ್ನೂ ಹೇಳಿ. ಇದು ಉಪಕಾರದ ಕೆಲಸವೆಂದು ನಾನು ಕೇಳುತ್ತಿಲ್ಲ. ವಿಶ್ವವಿದ್ಯಾಲಯ ಮಾಡಲೇಬೇಕಾದ ಕೆಲಸಗಳಲ್ಲಿ ಇದೂ ಒಂದು ಎಂಬ ನಂಬಿಕೆಯಿಂದ ಕೇಳುತ್ತಿದ್ದೇನೆ.

ಪಠ್ಯಪುಸ್ತಕವನ್ನು ದೂರುವುದು ನನ್ನ ಉದ್ದೇಶವಲ್ಲ. ಚಲನೆ, ಬಲ, ಬೆಳಕು, ವಿದ್ಯುತ್ತು, ಆಮ್ಲ-ಪ್ರತ್ಯಾಮ್ಲ, ಜೀವಕೋಶ ಇವನ್ನೆಲ್ಲ ಕಲಿಯದೆ ಮುಂದಿನದು ಯಾವುದೂ ದಕ್ಕುವುದಿಲ್ಲ. ಆದರೆ ಭೌತವಿಜ್ಞಾನದಲ್ಲಿ ನಮ್ಮ ಮಕ್ಕಳು ಪ್ರೌಢಶಾಲೆ ಮುಗಿಯುವ ಹೊತ್ತಿಗೆ ತಲುಪುವುದು ಪರಮಾಣುವಿನ ರಚನೆಯವರೆಗೆ. ರುದರ್‌ಫೋರ್ಡ್ 1911ರಲ್ಲಿ ಪರಮಾಣುವಿಗೆ ಬೀಜಕೇಂದ್ರ ಇದೆ ಎಂದದ್ದು, ಬೋರ್ 1913ರಲ್ಲಿ ಎಲೆಕ್ಟ್ರಾನುಗಳ ಕಕ್ಷೆಗಳನ್ನು ವಿವರಿಸಿದ್ದು, ಚಾಡ್ವಿಕ್ 1932ರಲ್ಲಿ ನ್ಯೂಟ್ರಾನನ್ನು ಪತ್ತೆ ಹಚ್ಚಿದ್ದು. ಅಲ್ಲಿಂದೀಚೆಗೆ ತೊಂಬತ್ತಕ್ಕೂ ಹೆಚ್ಚು ವರ್ಷಗಳು ಕಳೆದಿವೆ. ಆ ವರ್ಷಗಳ ವಿಜ್ಞಾನ ನಮ್ಮ ಮಕ್ಕಳಿಗೆ ಸಿಗುವುದು ಹೆಚ್ಚಾಗಿ ಮೊಬೈಲ್‌ನಿಂದ, ಅರ್ಧ ನಿಮಿಷದ ವಿಡಿಯೊಗಳಿಂದ, ವಾಟ್ಸ್‌ಆ್ಯಪ್‌ನಲ್ಲಿ ಹರಿದು ಬಂದ ಮಾತುಗಳಿಂದ.

ಅವರು ಕೇಳುವ ಪ್ರಶ್ನೆಗಳಲ್ಲೇ ಇದು ಕಾಣುತ್ತದೆ. "ಕಪ್ಪುಕುಳಿ ಭೂಮಿಯನ್ನು ನುಂಗಿಬಿಡುತ್ತದಂತೆ, ಹೌದಾ ಮಿಸ್?" ಎಂದು ಒಬ್ಬ ಕೇಳುತ್ತಾನೆ. "ಲಸಿಕೆ ಹಾಕಿಸಿಕೊಂಡರೆ ನಮ್ಮ ಡಿಎನ್‌ಎ ಬದಲಾಗುತ್ತಂತೆ" ಎಂದು ಇನ್ನೊಬ್ಬಳು ಮನೆಯಲ್ಲಿ ಕೇಳಿದ್ದನ್ನು ತರುತ್ತಾಳೆ. ಇವುಗಳ ನಡುವೆಯೇ ಇನ್ನೊಂದು ಬಗೆಯ ಪ್ರಶ್ನೆಯೂ ಬರುತ್ತದೆ: "ಬೆಳಕಿಗೆ ತೂಕವೇ ಇಲ್ಲ ಅಂತೀರಿ. ಹಾಗಿದ್ದರೆ ಕಪ್ಪುಕುಳಿ ಬೆಳಕನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತೆ?" ಮೊದಲ ಎರಡು ಪ್ರಶ್ನೆಗಳು ಯಾರದೋ ಮಾತನ್ನು ಕೇಳಿ ಹುಟ್ಟಿದವು. ಮೂರನೆಯದು ಒಂದು ಮಗು ತಾನೇ ಕೂತು ಯೋಚಿಸಿ, ಗುರುತ್ವಾಕರ್ಷಣೆಯ ಪಾಠಕ್ಕೂ ತಾನು ಕೇಳಿದ ಸುದ್ದಿಗೂ ಹೊಂದಿಕೆಯಾಗದ್ದನ್ನು ಕಂಡು ಕೇಳಿದ್ದು. ನ್ಯೂಟನ್ನನ ಗುರುತ್ವದಿಂದ ಐನ್‌ಸ್ಟೈನನ ಗುರುತ್ವಕ್ಕೆ ದಾಟುವ ಬಾಗಿಲಲ್ಲಿ ಆ ಮಗು ನಿಂತಿದೆ. ನಾನು ಓದಿ ತಿಳಿದಷ್ಟನ್ನು ಹೇಳುತ್ತೇನೆ. ಆದರೆ ಅದೇ ಪ್ರಶ್ನೆಯೊಂದಿಗೆ ಹಗಲಿರುಳು ಬದುಕುವ ನಿಮ್ಮಂಥವರು ಎದುರಿಗೆ ನಿಂತು ಹೇಳುವಾಗ ಆ ಮಗು ಇನ್ನೊಂದನ್ನೂ ಕಲಿಯುತ್ತದೆ. ಇಂಥ ಪ್ರಶ್ನೆ ಕೇಳುವುದೇ ಒಂದು ವೃತ್ತಿಯಾಗಬಲ್ಲದು, ಅದನ್ನು ಮಾಡುವವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ ಎಂದು ಕಲಿಯುತ್ತದೆ.

ಆಧುನಿಕ ವಿಜ್ಞಾನ ಈ ವಯಸ್ಸಿಗೆ ಭಾರ, ಗಣಿತವಿಲ್ಲದೆ ಹೇಗೆ ಹೇಳುವುದು ಎಂದು ನಿಮ್ಮಲ್ಲಿ ಹಲವರಿಗೆ ಅನ್ನಿಸಬಹುದು. ಇದಕ್ಕೆ ಉತ್ತರವಾಗಿ ಒಂದು ಉದಾಹರಣೆಯನ್ನು ಪೂರ್ತಿಯಾಗಿ ನಿಮ್ಮ ಮುಂದಿಡುತ್ತೇನೆ. ವೇಗವನ್ನು ಕಾಲದಿಂದ ಗುಣಿಸಿದರೆ ದೂರ ಸಿಗುತ್ತದೆ ಎಂಬುದು ಒಂಬತ್ತನೇ ತರಗತಿಯ ಮಗುವಿಗೆ ಗೊತ್ತು. ಅಷ್ಟೇ ಸಾಕು.

ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾತಾವರಣದ ಮೇಲ್ಪದರಕ್ಕೆ ಬಡಿದಾಗ, ನೆಲದಿಂದ ಸುಮಾರು 15 ಕಿಲೊಮೀಟರ್ ಎತ್ತರದಲ್ಲಿ, ಮ್ಯುಯಾನ್ ಎಂಬ ಕಣಗಳು ಹುಟ್ಟುತ್ತವೆ. ಅವುಗಳ ಸರಾಸರಿ ಆಯುಷ್ಯ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದ 2.2 ಪಟ್ಟು. ಅವು ಚಲಿಸುವುದು ಹೆಚ್ಚು ಕಡಿಮೆ ಬೆಳಕಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೊಮೀಟರ್. ಗುಣಿಸಿ ನೋಡಿ ಎಂದರೆ ಮಕ್ಕಳೇ ಲೆಕ್ಕ ಹಾಕುತ್ತಾರೆ: ಸುಮಾರು 660 ಮೀಟರ್. ಹಾಗಾದರೆ 15 ಕಿಲೊಮೀಟರ್ ಎತ್ತರದಲ್ಲಿ ಹುಟ್ಟಿದ ಈ ಕಣಗಳಲ್ಲಿ ನೆಲ ಮುಟ್ಟುವವು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇರಬೇಕು. ಏಕೆಂದರೆ ಆ ದೂರ ಕ್ರಮಿಸಲು ಸರಾಸರಿ ಆಯುಷ್ಯದ ಇಪ್ಪತ್ತು ಪಟ್ಟಿಗೂ ಹೆಚ್ಚು ಕಾಲ ಬೇಕು. ಆದರೆ ನಿಜದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಅವು ನೆಲಕ್ಕೆ ಬರುತ್ತಲೇ ಇವೆ. ಅಂಗೈ ಚಾಚಿ ನಿಂತ ಮಗುವಿನ ಕೈ ಮೂಲಕ ಸೆಕೆಂಡಿಗೊಂದರಂತೆ ಹಾದು ಹೋಗುತ್ತಿವೆ.

ಇಲ್ಲಿ ನಿಲ್ಲಿಸಿ ಮಕ್ಕಳನ್ನೇ ಕೇಳಿ: ಲೆಕ್ಕ ತಪ್ಪಿದ್ದೆಲ್ಲಿ? ಗುಣಾಕಾರ ಸರಿಯಿದೆ, ಎತ್ತರ ಸರಿಯಿದೆ, ಆಯುಷ್ಯವನ್ನು ಪ್ರಯೋಗಾಲಯದಲ್ಲಿ ಅಳೆದಿದ್ದಾರೆ. ಉಳಿಯುವುದು ಒಂದೇ ಸಾಧ್ಯತೆ. ವೇಗವಾಗಿ ಓಡುತ್ತಿರುವ ಮ್ಯುಯಾನಿನ ಗಡಿಯಾರ ನಮ್ಮ ಗಡಿಯಾರದಷ್ಟು ಬೇಗ ನಡೆಯುತ್ತಿಲ್ಲ. 1905ರಲ್ಲಿ ಐನ್‌ಸ್ಟೈನ್ ಹೇಳಿದ್ದು ಇದನ್ನೇ. ಸಾಪೇಕ್ಷತಾ ಸಿದ್ಧಾಂತದ ಸಮೀಕರಣ ಬರೆಯದೆಯೇ ಅದರ ಹೊಸ್ತಿಲನ್ನು ಮಕ್ಕಳು ತಮ್ಮ ಲೆಕ್ಕದಿಂದಲೇ ದಾಟಿದರು. ಡ್ರೈ ಐಸ್, ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ಗಾಜಿನ ಪೆಟ್ಟಿಗೆ, ಒಂದು ಟಾರ್ಚ್ ಇದ್ದರೆ ಮೋಡಕೋಷ್ಠ ಕಟ್ಟಬಹುದು. ಕಾಸ್ಮಿಕ್ ಕಿರಣಗಳು ಎಳೆಯುವ ಬಿಳಿಯ ಗೆರೆಗಳನ್ನು ಅದರಲ್ಲಿ ಮಕ್ಕಳು ಕಣ್ಣಾರೆ ಕಾಣಬಹುದು. ನಮ್ಮ ಶಾಲೆಗೆ ಡ್ರೈ ಐಸ್ ತರಿಸುವುದು ಕಷ್ಟ, ನಿಮ್ಮ ವಿಭಾಗಕ್ಕೆ ಅಷ್ಟು ಕಷ್ಟವಲ್ಲ.

ಈ ಕಥೆಯ ಮುಂದಿನ ಭಾಗ ನಡೆದದ್ದು ನಮ್ಮ ರಾಜ್ಯದಲ್ಲೇ. ನ್ಯೂಟ್ರಿನೊ ಎಂಬ ಕಣಗಳನ್ನು ಹಿಡಿಯಬೇಕಾದರೆ ಮ್ಯುಯಾನುಗಳ ಗದ್ದಲದಿಂದ ತಪ್ಪಿಸಿಕೊಳ್ಳಬೇಕು, ಅದಕ್ಕೆ ನೆಲದಾಳಕ್ಕೆ ಇಳಿಯಬೇಕು. ಕೋಲಾರದ ಚಿನ್ನದ ಗಣಿಗಳಲ್ಲಿ ಎರಡು ಕಿಲೊಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣ ಇಟ್ಟು, ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳ ತಂಡ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವನ್ನು 1965ರಲ್ಲಿ ಪತ್ತೆ ಹಚ್ಚಿತು. ಕೆಜಿಎಫ್ ಎಂದರೆ ಇಂದಿನ ಮಕ್ಕಳಿಗೆ ನೆನಪಾಗುವುದು ಸಿನಿಮಾ. ಆ ಹೆಸರಿಗೆ ಜಗತ್ತಿನ ಕಣವಿಜ್ಞಾನದ ಚರಿತ್ರೆಯಲ್ಲಿ ಒಂದು ಸ್ಥಾನವಿದೆ ಎಂಬುದನ್ನು ಅವರಿಗೆ ಹೇಳುವವರು ಬೇಕು.

ವಿಜ್ಞಾನಿಗಳೇ ಮಕ್ಕಳ ಮುಂದೆ ನಿಂತು ಮಾತಾಡುವ ಪದ್ಧತಿ ಹೊಸದಲ್ಲ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು ಶುರುವಾದದ್ದು 1825ರಲ್ಲಿ. ಅದರ ಹಿಂದಿದ್ದವನು ಮೈಕೆಲ್ ಫ್ಯಾರಡೆ. ಆತ ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. 1812ರಲ್ಲಿ ಆ ಅಂಗಡಿಯ ಗಿರಾಕಿಯೊಬ್ಬರು ರಸಾಯನವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಅವನಿಗೆ ಟಿಕೆಟ್ ಕೊಟ್ಟರು. ಕೇಳಿದ್ದನ್ನೆಲ್ಲ ಬರೆದು, ರಟ್ಟು ಕಟ್ಟಿ ಡೇವಿಗೇ ಕಳಿಸಿದ. ಮರುವರ್ಷ ಡೇವಿಯ ಸಹಾಯಕನಾದ. ಮುಂದೆ ಅದೇ ಫ್ಯಾರಡೆ 1827ರಿಂದ 1860ರವರೆಗೆ ಹತ್ತೊಂಬತ್ತು ಬಾರಿ ಮಕ್ಕಳ ಉಪನ್ಯಾಸಮಾಲೆ ನಡೆಸಿದ. ಉರಿಯುವ ಒಂದು ಮೇಣದಬತ್ತಿಯನ್ನು ಹಿಡಿದು ಇಡೀ ರಸಾಯನವಿಜ್ಞಾನವನ್ನು ಬಿಡಿಸಿಟ್ಟ. ವಿದ್ಯುತ್ಕಾಂತೀಯ ಪ್ರೇರಣೆಯನ್ನು ಓದಿದ ನಮಗೆ ಫ್ಯಾರಡೆ ಹೊಸಬನಲ್ಲ. ಆದರೆ ಆ ಫ್ಯಾರಡೆ ವಿಜ್ಞಾನಕ್ಕೆ ಸಿಕ್ಕಿದ್ದು ಶಾಲೆ ಮುಗಿಸದ ಹುಡುಗನೊಬ್ಬನಿಗೆ ಒಳ್ಳೆಯ ಉಪನ್ಯಾಸವೊಂದನ್ನು ಕೇಳುವ ಅವಕಾಶ ದೊರೆತದ್ದರಿಂದ. ನಮ್ಮ ತಾಲ್ಲೂಕುಗಳಲ್ಲಿ ಆ ಟಿಕೆಟ್ ಕೊಡುವವರು ಯಾರು?

ನಮ್ಮ ಕಾಲಕ್ಕೆ ಹತ್ತಿರದ ಮಾದರಿ ಅಮೆರಿಕದ ಶಿಕಾಗೊ ಬಳಿಯ ಫರ್ಮಿಲ್ಯಾಬಿನದು. ಕಣವಿಜ್ಞಾನಕ್ಕೆ ಹೆಸರಾದ ಆ ಪ್ರಯೋಗಾಲಯದ ನಿರ್ದೇಶಕ ಲಿಯಾನ್ ಲೆಡರ್‌ಮನ್ 1980ರಲ್ಲಿ ಶನಿವಾರ ಬೆಳಗಿನ ಭೌತವಿಜ್ಞಾನ ಎಂಬ ಕಾರ್ಯಕ್ರಮ ಆರಂಭಿಸಿದರು. ಪ್ರೌಢಶಾಲೆಯ ಮಕ್ಕಳು ಸತತವಾಗಿ ಹಲವು ಶನಿವಾರ ಬರುತ್ತಾರೆ. ಅಲ್ಲಿ ಕೆಲಸ ಮಾಡುವ ವಿಜ್ಞಾನಿಗಳೇ ಉಪನ್ಯಾಸ ಕೊಡುತ್ತಾರೆ. ಉಪನ್ಯಾಸ ಮುಗಿದ ಮೇಲೆ ಸಣ್ಣ ಸಣ್ಣ ಗುಂಪುಗಳಾಗಿ ಪ್ರಯೋಗಾಲಯ ಸುತ್ತುತ್ತಾರೆ. ಲೆಡರ್‌ಮನ್ 1988ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು. ಅಷ್ಟು ದೊಡ್ಡ ಸಂಸ್ಥೆ ನಡೆಸುವ ಹೊಣೆಯ ನಡುವೆ ಹದಿಹರೆಯದ ಮಕ್ಕಳಿಗೆ ಪಾಠ ಹೇಳುವುದು ತಮ್ಮ ಘನತೆಗೆ ಕಡಿಮೆ ಎಂದು ಅವರಿಗೆ ಅನ್ನಿಸಲಿಲ್ಲ. ಅದೇ ಹೆಸರಿನ, ಅದೇ ಬಗೆಯ ಕಾರ್ಯಕ್ರಮವನ್ನು ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯ 1999ರಿಂದ ನಡೆಸುತ್ತಿದೆ.

ಹೊರಗಿನ ಮಾದರಿಗಳನ್ನೇ ನೋಡಬೇಕಿಲ್ಲ. ಈ ಕೆಲಸದಲ್ಲಿ ಕನ್ನಡಕ್ಕೆ ನೂರು ವರ್ಷಕ್ಕೂ ಹಿಂದಿನ ಪರಂಪರೆಯಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಂದಿಗೆ 1918ರಲ್ಲಿ 'ವಿಜ್ಞಾನ' ಪತ್ರಿಕೆ ಹೊರತಂದರು. ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರು ಪ್ರಚಾರೋಪನ್ಯಾಸಗಳ ಹೆಸರಿನಲ್ಲಿ ಊರೂರಿಗೆ ಹೋಗಿ ಕನ್ನಡದಲ್ಲಿ ಮಾತಾಡಿದರು, ಆ ಮಾತುಗಳು ಕಡಿಮೆ ಬೆಲೆಯ ಪುಟ್ಟ ಪುಸ್ತಕಗಳಾಗಿ ಮನೆಮನೆ ಸೇರಿದವು. ಕುವೆಂಪು ಕುಲಪತಿಗಳಾಗಿದ್ದಾಗ ಈ ಕೆಲಸಕ್ಕೆ ಮತ್ತಷ್ಟು ಬಲ ಬಂತು. ಮೈಸೂರಿನಲ್ಲಿ ರಸಾಯನವಿಜ್ಞಾನ ಕಲಿಸಿದ ಜೆ.ಆರ್. ಲಕ್ಷ್ಮಣರಾಯರು 'ಪರಮಾಣು ಚರಿತ್ರೆ'ಯನ್ನು ಕನ್ನಡದಲ್ಲೇ ಬರೆದರು. ವಿಶ್ವವಿದ್ಯಾಲಯದ ಅರಿವು ಹಳ್ಳಿಯ ಜಗಲಿಗೂ ಸೇರಬೇಕೆಂದು ನಂಬಿದ ಹಿರಿಯರು ಇವರೆಲ್ಲ.

ಸಿ.ವಿ. ರಾಮನ್ ತಮಗೆ ಎಂಬತ್ತು ತುಂಬಿದ ವರ್ಷ, 1968ರ ಡಿಸೆಂಬರ್ 22ರಂದು, ಅಹಮದಾಬಾದಿನಲ್ಲಿ ಆಕಾಶ ಯಾಕೆ ನೀಲಿ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಉಪನ್ಯಾಸ ಕೊಟ್ಟರು. ಹತ್ತನೇ ತರಗತಿಯಲ್ಲಿ ಬೆಳಕಿನ ಚದುರಿಕೆ ಓದುವ ಮಗುವಿನ ಪ್ರಶ್ನೆಯೂ ಅದೇ, ರಾಮನ್ನರನ್ನು ನೊಬೆಲ್‌ವರೆಗೆ ಕೊಂಡೊಯ್ದ ದಾರಿ ಶುರುವಾಗುವುದೂ ಅಂಥದೇ ಪ್ರಶ್ನೆಯಿಂದ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಅಮೆರಿಕದ ಒಹಾಯೊದಲ್ಲಿ ನ್ಯೂಕ್ಲಿಯರ್ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ದಶಕಗಳ ಕಾಲ ವಾರವಾರ ಉಪನ್ಯಾಸಗಳು ನಡೆದವು, ಯಾರು ಬೇಕಾದರೂ ಬಂದು ಕೂರಬಹುದಿತ್ತು.

ಸಿ.ವಿ. ವಿಶ್ವೇಶ್ವರ ಅವರ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬೆಂಗಳೂರಿನಲ್ಲಿ ಹುಟ್ಟಿದ ಅವರು ಕಪ್ಪುಕುಳಿಗಳ ಸಿದ್ಧಾಂತದಲ್ಲಿ ಮೊದಲಿಗರ ಸಾಲಿನವರು. ಕಪ್ಪುಕುಳಿಯನ್ನು ಕದಲಿಸಿದರೆ ಅದು ಬಡಿದ ಗಂಟೆಯಂತೆ ತನ್ನದೇ ಆದ ಸ್ವರದಲ್ಲಿ ಮಿಡಿದು ಬೇಗನೆ ಶಾಂತವಾಗುತ್ತದೆ ಎಂದು 1970ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತೋರಿಸಿದರು. ನಲವತ್ತೈದು ವರ್ಷಗಳ ನಂತರ, 2015ರ ಸೆಪ್ಟೆಂಬರ್ 14ರಂದು, ಅಮೆರಿಕದ ಲೈಗೊ ಉಪಕರಣಗಳು ಮೊದಲ ಬಾರಿಗೆ ಗುರುತ್ವ ಅಲೆಗಳನ್ನು ಹಿಡಿದವು. ಸುಮಾರು 130 ಕೋಟಿ ವರ್ಷಗಳ ಹಿಂದೆ ಎರಡು ಕಪ್ಪುಕುಳಿಗಳು ಒಂದಾದಾಗ ಎದ್ದ ಅಲೆ ಅದು. ಆ ಅಲೆ 4 ಕಿಲೊಮೀಟರ್ ಉದ್ದದ ತೋಳಿನಲ್ಲಿ ಉಂಟುಮಾಡಿದ ಬದಲಾವಣೆ ಪ್ರೋಟಾನಿನ ಅಗಲದ ನೂರರ ಒಂದು ಪಾಲಿನಷ್ಟೂ ಇರಲಿಲ್ಲ. ಆ ಸಂಕೇತದ ಕೊನೆಯಲ್ಲಿ ವಿಶ್ವೇಶ್ವರ ಅವರು ಹೇಳಿದ್ದ ಮಿಡಿತವೂ ಇತ್ತು. ಇಷ್ಟು ದೊಡ್ಡ ಕೆಲಸ ಮಾಡಿದವರು ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾಗಿ, ಶಾಲೆ ಕಾಲೇಜಿನ ವಿದ್ಯಾರ್ಥಿಗಳಿಗಾಗಿ ಅಲ್ಲಿ ತರಗತಿಗಳನ್ನು ಕಟ್ಟಿ ಬೆಳೆಸಿದರು. ಸಂಶೋಧನೆಗೂ ಮಕ್ಕಳ ಮುಂದೆ ಮಾತಾಡುವುದಕ್ಕೂ ಆಗಿಬರುವುದಿಲ್ಲ ಎನ್ನುವವರಿಗೆ ಅವರ ಬದುಕೇ ಉತ್ತರ.

ಬೆಂಗಳೂರಿನ ಮಕ್ಕಳಿಗೆ ತಾರಾಲಯವಿದೆ. ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ತನ್ನ ಆವರಣವನ್ನು ಎಲ್ಲರಿಗೂ ತೆರೆಯುತ್ತದೆ. ಆದರೆ ಸೊರಬದ ಮಗು, ಸಿಂದಗಿಯ ಮಗು, ಪಾವಗಡದ ಮಗು ಅಲ್ಲಿಗೆ ಹೋಗುವುದು ಎಲ್ಲೋ ಒಂದು ಪ್ರವಾಸದಲ್ಲಿ. ಅವರಿಗೆ ಹತ್ತಿರ ಇರುವವರು ನೀವು. ನಿಮ್ಮ ಸುತ್ತಲೇ ಇರುವ ವಿಷಯಗಳಿಂದ ನೀವು ಆಧುನಿಕ ವಿಜ್ಞಾನವನ್ನು ಶುರು ಮಾಡಬಹುದು.

ಶಂಕರಘಟ್ಟದ ಜೀವವಿಜ್ಞಾನಿಗಳು ಮಂಗನ ಕಾಯಿಲೆಯಿಂದ ಆರಂಭಿಸಲಿ. 1957ರಲ್ಲಿ ಸೊರಬದ ಬಳಿಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ವೈರಸ್ ಉಣುಗಿನ ಮೂಲಕ ಮನುಷ್ಯನಿಗೆ ದಾಟುತ್ತದೆ, ಡೆಂಗಿಯ ವೈರಸ್ ಇರುವ ಕುಟುಂಬಕ್ಕೇ ಸೇರಿದೆ. ವೈರಸ್ ಎಂದರೇನು, ಅದರ ಆನುವಂಶಿಕ ಸಂದೇಶವನ್ನು ಓದುವುದು ಹೇಗೆ, ಲಸಿಕೆ ದೇಹಕ್ಕೆ ಏನನ್ನು ಕಲಿಸುತ್ತದೆ ಎಂಬುದೆಲ್ಲ ಅಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ. ಲಸಿಕೆ ಡಿಎನ್‌ಎ ಬದಲಿಸುತ್ತದೆ ಎಂಬ ಭಯವೂ ಅಲ್ಲೇ ಕರಗುತ್ತದೆ. ಧಾರವಾಡದ ಭೂವಿಜ್ಞಾನಿಗಳು ಕಾಲಡಿಯ ಕಲ್ಲನ್ನೇ ತೋರಿಸಲಿ. ನಮ್ಮ ನಾಡಿನ ಕೆಲವು ಬಂಡೆಗಳು 300 ಕೋಟಿ ವರ್ಷಗಳಿಗೂ ಹಳೆಯವು. ಜಿರ್ಕಾನ್ ಎಂಬ ಖನಿಜದ ಹರಳಿನಲ್ಲಿ ಯುರೇನಿಯಂ ಎಷ್ಟು ಸೀಸವಾಗಿ ಬದಲಾಗಿದೆ ಎಂದು ಅಳೆದು ಆ ವಯಸ್ಸನ್ನು ಲೆಕ್ಕ ಹಾಕುವುದು ಹೇಗೆಂದು ಹೇಳಲಿ. ಕೊಣಾಜೆಯವರು 2021ರ ಮೇ ತಿಂಗಳಲ್ಲಿ ಕರಾವಳಿಯನ್ನು ನಡುಗಿಸಿದ ತೌಕ್ತೆ ಚಂಡಮಾರುತದಿಂದ ಹೊರಟು, ಕಡಲ ನೀರಿನ ಬಿಸಿ ಚಂಡಮಾರುತಕ್ಕೆ ಬಲ ತುಂಬುವುದು ಹೇಗೆಂದು ವಿವರಿಸಲಿ. ತುಮಕೂರಿನವರಿಗೆ ಪಾವಗಡದ 2,050 ಮೆಗಾವಾಟಿನ ಸೌರ ಪಾರ್ಕ್ ಇದೆ. ಸಿಲಿಕಾನ್ ಹಾಳೆಯ ಮೇಲೆ ಬಿದ್ದ ಬೆಳಕು ವಿದ್ಯುತ್ತಾಗುವ ಬಗೆಯಿಂದ ಕ್ವಾಂಟಂ ಸಿದ್ಧಾಂತಕ್ಕೆ ಹೋಗುವ ದಾರಿ ಬಹಳ ಹತ್ತಿರ. ಜ್ಞಾನಭಾರತಿಯವರು ಗೌರಿಬಿದನೂರಿನ ರೇಡಿಯೊ ದೂರದರ್ಶಕದ ಕಥೆ ಹೇಳಬಹುದು.

ಗಣಿತ ವಿಭಾಗದವರಿಗೂ ಇದರಲ್ಲಿ ದೊಡ್ಡ ಪಾಲಿದೆ. ಹತ್ತನೇ ತರಗತಿಯಲ್ಲಿ ಪ್ರತಿಯೊಂದು ಸಂಯುಕ್ತ ಸಂಖ್ಯೆಯನ್ನೂ ಅವಿಭಾಜ್ಯ ಸಂಖ್ಯೆಗಳಾಗಿ ಒಂದೇ ರೀತಿಯಲ್ಲಿ ಒಡೆಯಬಹುದು ಎಂದು ಕಲಿಸುತ್ತೇವೆ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವನ್ನು ಹಿಂದಕ್ಕೆ ಪಡೆಯುವುದು ಬಹಳ ಕಷ್ಟ. ಈ ಒಂದು ಸಂಗತಿಯ ಮೇಲೆ 1977ರಲ್ಲಿ ಕಟ್ಟಿದ ಗೂಢಲಿಪಿ ವಿಧಾನ ಇಂದಿಗೂ ಅಂತರಜಾಲದಲ್ಲಿ ಗುಟ್ಟು ಕಾಯುತ್ತಿದೆ ಎಂದು ತಿಳಿದ ಮಗು ಆ ಪಾಠವನ್ನು ಮತ್ತೊಮ್ಮೆ ತಾನಾಗಿಯೇ ತೆರೆಯುತ್ತದೆ. ರಸಾಯನ ಮತ್ತು ವಸ್ತುವಿಜ್ಞಾನದವರು ಒಂದು ಪೆನ್ಸಿಲ್, ಒಂದು ಸುತ್ತು ಅಂಟುಪಟ್ಟಿ ತಂದರೆ ಸಾಕು. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೈಮ್ ಮತ್ತು ನೊವೊಸೆಲೊವ್ ಗ್ರಾಫೈಟಿನ ಪದರಗಳನ್ನು ಅಂಟುಪಟ್ಟಿಯಿಂದಲೇ ಕಿತ್ತು ಕಿತ್ತು ಒಂದೇ ಪರಮಾಣುವಿನಷ್ಟು ತೆಳುವಾದ ಗ್ರಾಫೀನ್ ಹಾಳೆ ತಲುಪಿದರು, 2010ರಲ್ಲಿ ಅವರಿಗೆ ನೊಬೆಲ್ ಬಂತು. ಗ್ರಾಫೈಟ್ ಇಂಗಾಲದ ಬಹುರೂಪ ಎಂಬ ನಮ್ಮ ಪಾಠದ ವಾಕ್ಯಕ್ಕೆ ಆಗ ಜೀವ ಬರುತ್ತದೆ.

ಇನ್ನು ಉಪನ್ಯಾಸ ಹೇಗಿರಬೇಕು ಎಂಬ ಬಗ್ಗೆ, ದಿನವೂ ಈ ಮಕ್ಕಳ ಮುಂದೆ ನಿಲ್ಲುವವಳಾಗಿ ಕೆಲವು ಮಾತು ಹೇಳುತ್ತೇನೆ.

ಒಂದು ಮಧ್ಯಾಹ್ನಕ್ಕೆ ಒಂದೇ ಪ್ರಶ್ನೆ ಸಾಕು. ನಿಮ್ಮ ಇಡೀ ಕ್ಷೇತ್ರವನ್ನು ಪರಿಚಯಿಸಲು ಹೋದರೆ ಮಕ್ಕಳಿಗೆ ಹೆಸರುಗಳಷ್ಟೇ ಉಳಿಯುತ್ತವೆ. ಮಗುವಿಗೆ ಗೊತ್ತಿರುವ ಪಾಠದಿಂದ ಹೊರಡಿ, ಗೊತ್ತಿಲ್ಲದ ಕಡೆಗೆ ಕರೆದೊಯ್ಯಿರಿ. ನಲವತ್ತು ನಿಮಿಷಕ್ಕಿಂತ ಹೆಚ್ಚು ಮಾತಾಡಬೇಡಿ, ಅಷ್ಟೇ ಹೊತ್ತನ್ನು ಪ್ರಶ್ನೆಗಳಿಗೆ ಇಡಿ. ನಮ್ಮ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ದೊಡ್ಡ ಸಭಾಂಗಣದಲ್ಲಿ ಎದ್ದು ನಿಂತು ಕೇಳಲು ಹಿಂಜರಿಯುತ್ತಾರೆ. ಚೀಟಿಯಲ್ಲಿ ಬರೆದು ಕೊಡಲು ಹೇಳಿದರೆ ಚೀಟಿಗಳ ರಾಶಿಯೇ ಬರುತ್ತದೆ. ಆ ಹೊತ್ತಿಗೆ ಎಲ್ಲವನ್ನೂ ಉತ್ತರಿಸಲಾಗದಿದ್ದರೆ ಉಳಿದವನ್ನು ನಮಗೆ ಬರೆದು ಕಳಿಸಿ, ನಾವು ತರಗತಿಯಲ್ಲಿ ಓದುತ್ತೇವೆ.

ಕನ್ನಡದಲ್ಲಿ ಮಾತಾಡಿ. ನ್ಯೂಟ್ರಿನೊ, ಎಲೆಕ್ಟ್ರಾನ್, ಡಿಎನ್‌ಎ ಎಂಬ ಹೆಸರುಗಳು ಹಾಗೆಯೇ ಇರಲಿ, ಮಕ್ಕಳಿಗೆ ಅವು ತೊಡಕಲ್ಲ. ಅವುಗಳ ಸುತ್ತಲಿನ ತರ್ಕ, ಹಾಗಾದ್ದರಿಂದ, ಆದರೆ, ಒಂದು ವೇಳೆ ಎಂಬ ಕೊಂಡಿಗಳು ಅವರ ಭಾಷೆಯಲ್ಲಿರಬೇಕು. ಕೊಂಡಿ ಕಳಚಿದರೆ ಯೋಚನೆ ನಿಲ್ಲುತ್ತದೆ. ಪರದೆಯ ಮೇಲಿನ ಚಿತ್ರಗಳ ಜೊತೆಗೆ ಕೈಗೆ ಸಿಗುವ ಏನಾದರೂ ಇರಲಿ. ಮಾತು ಮುಗಿದ ಮೇಲೆ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿ. ಕೆಲಸ ಮಾಡುವ ಉಪಕರಣ, ಅದರ ಮುಂದೆ ಕೂತ ಸಂಶೋಧನಾ ವಿದ್ಯಾರ್ಥಿನಿ, ಗೋಡೆಯ ಮೇಲೆ ಅರ್ಧ ಬರೆದ ಲೆಕ್ಕ ಇವನ್ನೆಲ್ಲ ಮಕ್ಕಳು ನೋಡಲಿ. ತಮ್ಮದೇ ಹೋಬಳಿಯ ಸರ್ಕಾರಿ ಶಾಲೆಯಲ್ಲಿ ಓದಿದ ಅಕ್ಕ ಒಬ್ಬಳು ಪಿಎಚ್.ಡಿ. ಮಾಡುತ್ತಿದ್ದಾಳೆ ಎಂದು ಕಣ್ಣಾರೆ ಕಂಡರೆ, ನಾನು ವರ್ಷವಿಡೀ ಹೇಳುವ ಪ್ರೋತ್ಸಾಹದ ಮಾತಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಮುಖ್ಯವಾದ ಇನ್ನೊಂದು ಮಾತು: ಹೆಚ್ಚು ಅಂಕ ಬಂದವರನ್ನು ಮಾತ್ರ ಕರೆಯಬೇಡಿ. ವಿಜ್ಞಾನ ವಸ್ತು ಪ್ರದರ್ಶನ ಇರಲಿ, ರಸಪ್ರಶ್ನೆ ಇರಲಿ, ನಮ್ಮಲ್ಲಿ ಪ್ರತಿ ಸಲವೂ ಅದೇ ನಾಲ್ಕು ಮಕ್ಕಳು ಮುಂದೆ ಹೋಗುತ್ತಾರೆ. ಕಪ್ಪುಕುಳಿ ಬೆಳಕನ್ನು ಹೇಗೆ ಹಿಡಿಯುತ್ತದೆ ಎಂದು ಕೇಳುವ ಮಗು ಆ ನಾಲ್ವರಲ್ಲಿ ಇರಬೇಕೆಂದೇನೂ ಇಲ್ಲ. ಬರಲು ಇಷ್ಟವಿರುವ ಯಾರೇ ಆದರೂ ಬರಲಿ. ಪರೀಕ್ಷೆ ಇಡಬೇಡಿ, ಬಹುಮಾನವೂ ಬೇಡ. ಅದೇ ಮಕ್ಕಳು ಎಲ್ಲ ಶನಿವಾರಗಳಿಗೂ ಬರುವಂತಾಗಲಿ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ನಡೆಯುವ ಒಂದು ದಿನದ ಕಾರ್ಯಕ್ರಮ ಒಳ್ಳೆಯದೇ. ಆದರೆ ಮೊದಲ ವಾರ ಮಕ್ಕಳು ಬೆರಗಾಗಿ ನೋಡುತ್ತಾರೆ, ಎರಡನೇ ವಾರ ಧೈರ್ಯ ಬರುತ್ತದೆ, ನಿಜವಾದ ಪ್ರಶ್ನೆಗಳು ಹುಟ್ಟುವುದು ಮೂರನೇ ವಾರದ ನಂತರ.

ನಮ್ಮ ಕಡೆಯಿಂದ ಆಗಬೇಕಾದ್ದನ್ನು ನಾವು ಮಾಡುತ್ತೇವೆ. ಶನಿವಾರ ನಮಗೆ ಬೆಳಗಿನ ಶಾಲೆ, ಹಾಗಾಗಿ ಮಧ್ಯಾಹ್ನ ಮಕ್ಕಳು ಬಿಡುವಾಗಿರುತ್ತಾರೆ. ಜುಲೈನಿಂದ ದಸರಾ ರಜೆಯವರೆಗಿನ ಕಾಲ ಎಲ್ಲಕ್ಕಿಂತ ಅನುಕೂಲ, ಅದರ ನಂತರ ಹತ್ತನೇ ತರಗತಿಯವರಿಗೆ ಎಸ್ಸೆಸ್ಸೆಲ್ಸಿಯ ಒತ್ತಡ ಶುರುವಾಗುತ್ತದೆ. ಬಿಇಒ ಕಚೇರಿಯ ಅನುಮತಿ, ಪೋಷಕರ ಒಪ್ಪಿಗೆ, ಮಕ್ಕಳ ಜೊತೆ ಬರುವ ಶಿಕ್ಷಕರು, ಈ ಹೊಣೆ ನಮ್ಮದು. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ. ಗಂಡುಮಕ್ಕಳ ಬಸ್ ಖರ್ಚಿಗೆ ಎಸ್‌ಡಿಎಂಸಿಯವರನ್ನೂ ಊರಿನ ಹಳೆಯ ವಿದ್ಯಾರ್ಥಿಗಳನ್ನೂ ನಾವು ಕೇಳುತ್ತೇವೆ. ನಿಮ್ಮಿಂದ ಬೇಕಾದದ್ದು ಒಂದು ಸಭಾಂಗಣ, ಕುಡಿಯುವ ನೀರು, ಸ್ವಚ್ಛವಾದ ಶೌಚಾಲಯ, ಮಾತಾಡಲು ಒಬ್ಬರು. ನಮ್ಮಂಥ ಶಿಕ್ಷಕರಿಗೂ ಹಿಂದಿನ ಸಾಲಿನಲ್ಲಿ ಜಾಗ ಕೊಡಿ. ನಾವು ಪದವಿ ಮುಗಿಸಿ ಬಹಳ ವರ್ಷಗಳಾಗಿವೆ, ನಮಗೂ ಕಲಿಯುವುದಿದೆ. ಅಂದು ಕೇಳಿದ್ದನ್ನು, ಬರಲಾಗದ ಮಕ್ಕಳಿಗೂ ಸೋಮವಾರ ಮುಟ್ಟಿಸುವವರು ನಾವೇ.

ಇದರಿಂದ ವಿಶ್ವವಿದ್ಯಾಲಯಕ್ಕೇನು ಲಾಭ ಎಂದು ಯಾರಾದರೂ ಕೇಳಿದರೆ ಎರಡು ಮಾತು ಹೇಳಿ. ನಿಮ್ಮ ಸಂಶೋಧನಾ ವಿದ್ಯಾರ್ಥಿಗಳು ತಮ್ಮ ಕೆಲಸವನ್ನು ಹದಿನಾಲ್ಕು ವರ್ಷದ ಮಗುವಿಗೆ ತಿಳಿಯುವಂತೆ ಹೇಳಲು ಕಲಿತರೆ, ಆ ಕೆಲಸ ಅವರಿಗೇ ಇನ್ನಷ್ಟು ತಿಳಿಯಾಗುತ್ತದೆ. ವಿಜ್ಞಾನ ವಿಭಾಗಗಳು ಉಳಿಯಬೇಕಾದರೆ ವಿಜ್ಞಾನವನ್ನು ಇಷ್ಟಪಟ್ಟು ಬರುವ ಮಕ್ಕಳು ಬೇಕು, ಆ ಇಷ್ಟ ಹುಟ್ಟುವ ವಯಸ್ಸು ಇದೇ. ಆದರೆ ನನಗೆ ಇವೆರಡಕ್ಕಿಂತ ದೊಡ್ಡದು ಬೇರೊಂದಿದೆ. ನಿಮ್ಮಲ್ಲಿಗೆ ಬಂದು ಕೂರುವ ಮಕ್ಕಳಲ್ಲಿ ಹೆಚ್ಚಿನವರು ವಿಜ್ಞಾನಿಗಳಾಗುವುದಿಲ್ಲ. ಅವರು ರೈತರಾಗುತ್ತಾರೆ, ಅಂಗಡಿ ಇಡುತ್ತಾರೆ, ದಾದಿಯರಾಗುತ್ತಾರೆ, ಗ್ರಾಮ ಪಂಚಾಯಿತಿ ಸದಸ್ಯರಾಗುತ್ತಾರೆ, ತಾಯಿ ತಂದೆಯರಾಗುತ್ತಾರೆ. ನಾಳೆ ಲಸಿಕೆಯ ಬಗ್ಗೆ, ಕುಡಿಯುವ ನೀರಿನ ಬಗ್ಗೆ, ಬದಲಾಗುತ್ತಿರುವ ಮಳೆಯ ಬಗ್ಗೆ ತೀರ್ಮಾನ ಮಾಡುವವರು ಅವರು. ಯಾರಾದರೂ ಏನನ್ನಾದರೂ ಸತ್ಯವೆಂದು ಹೇಳಿದಾಗ "ಅದು ನಿಮಗೆ ಹೇಗೆ ಗೊತ್ತಾಯಿತು?" ಎಂದು ಕೇಳುವ ಅಭ್ಯಾಸ ಅವರಿಗಿದ್ದರೆ, ಊರಿನ ಬದುಕೇ ಬೇರೆಯಾಗುತ್ತದೆ. ಆ ಪ್ರಶ್ನೆಯನ್ನು ಕೇಳುವುದನ್ನೂ ಅದಕ್ಕೆ ಪ್ರಾಮಾಣಿಕವಾಗಿ ಉತ್ತರಿಸುವುದನ್ನೂ ದಿನವೂ ಮಾಡುವವರು ನೀವು. ಅದನ್ನು ಮಕ್ಕಳು ನಿಮ್ಮನ್ನು ನೋಡಿ ಕಲಿಯಲಿ.

ನಿಮ್ಮಲ್ಲಿ ಅನೇಕರು ನಮ್ಮಂಥ ಶಾಲೆಗಳಲ್ಲೇ ಓದಿ ಬಂದವರು. ಎಲ್ಲ ವಿಭಾಗಗಳೂ ಒಟ್ಟಿಗೆ ಸೇರಿ ದೊಡ್ಡ ಯೋಜನೆ ಮಾಡುವವರೆಗೆ ಕಾಯಬೇಕಿಲ್ಲ, ಸುತ್ತೋಲೆ ಬರುವವರೆಗೂ ಕಾಯಬೇಕಿಲ್ಲ. ಒಂದು ವಿಭಾಗ, ಮೂರು ಶಾಲೆ, ಅರವತ್ತು ಮಕ್ಕಳು, ಆರು ಶನಿವಾರ. ಮುಂದಿನ ಶೈಕ್ಷಣಿಕ ವರ್ಷಕ್ಕೆ ಇಷ್ಟನ್ನು ಹಮ್ಮಿಕೊಳ್ಳಿ. ನಿಮ್ಮ ಹತ್ತಿರದ ಯಾವುದಾದರೂ ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರಿಗೆ ಒಂದು ಫೋನ್ ಮಾಡಿ, ದಿನ ಗೊತ್ತುಮಾಡಿ. ಮಕ್ಕಳನ್ನು ಕರೆತರುವ ಮಾತು ನಮ್ಮದು.

ಇಂತಿ ವಿಶ್ವಾಸದಿಂದ,

ಸರ್ಕಾರಿ ಪ್ರೌಢಶಾಲೆಯ ಒಬ್ಬ ವಿಜ್ಞಾನ ಶಿಕ್ಷಕಿ